ಪಾಸ್ಟರ್, ಕಮಿಟಿ, ವಾಲಂಟಿಯರ್ಸ್ ಎಲ್ಲಾ ಒಂದಾಗೋದು ಹೆಂಗೆ?

ಪ್ರಶ್ನೆ (ದಾವಣಗೆರೆಯಿಂದ):
ಎಲ್ಲರಿಗೂ ವಂದನೆಗಳು. ನಮ್ಮ ಚರ್ಚಲ್ಲಿ ಕ್ವಾಯರ್ (ಹಾಡೋ ತಂಡ), ಸಂಡೆ ಸ್ಕೂಲ್, ಯೂತ್, ಮಹಿಳಾ ಕೂಟ ಎಲ್ಲಾ ಐತೆ, ಆದ್ರೆ ಯಾರ್ ಏನ್ ಮಾಡ್ತಿದಾರೆ ಅಂತ ಯಾರಿಗೂ ಗೊತ್ತಿರಲ್ಲ, ಹೋದ ಕ್ರಿಸ್‌ಮಸ್‌ಗೆ ಒಂದೇ ಸಂಜೆ ಕ್ವಾಯರ್‌ನೋರು ಪ್ರಾಕ್ಟೀಸ್‌ಗೆ, ಯೂತ್‌ನೋರು ನಾಟಕಕ್ಕೆ ಹಾಲ್ ಕೇಳಿ ಜಗಳ ಆಗಿ ಇಬ್ಬರು ಹುಡುಗ್ರು ಬರೋದೇ ಬಿಟ್ರು. ತುಂಬಾ ನೋವಾಗಿದೆ. ಹಿರಿಯರನ್ನೂ ಈ ಗುಂಪಿನೋರನ್ನೂ ಒಂದೇ ಉದ್ದೇಶಕ್ಕೆ ತರೋದು ಹೆಂಗೆ?

ಉತ್ತರ 1:
ಮೊದ್ಲು ಆ ಹುಡುಗ್ರ ಮನೆಗೆ ಹೋಗ್ ಬನ್ನಿ, ಮೀಟಿಂಗ್ ಆಮೇಲೆ. ಮೀಟಿಂಗಲ್ಲಿ ಬೈಬಲಿನ ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ ಒಟ್ಟಿಗೆ ಓದಿ. ವಿಧವೆಯರಿಗೆ ದಿನದ ಊಟ ಹಂಚೋದ್ರಲ್ಲಿ ಭೇದ ಆಗ್ತಿದೆ ಅಂತ ಗೊಣಗಾಟ ಬಂದಾಗ ಅಪೊಸ್ತಲರು (ಯೇಸುವಿನ ಮುಖ್ಯ ಶಿಷ್ಯರು) ಯಾರ ಬಾಯೂ ಮುಚ್ಚಿಸಲಿಲ್ಲ, ಎಲ್ಲರನ್ನೂ ಕರೆದು ಏಳು ಜನನ್ನ ನೀವೇ ಆರಿಸ್ಕೊಳ್ಳಿ ಅಂದ್ರು, ಆರಿಸಿದೋರ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ ಆ ಕೆಲಸ ಅವರಿಗೇ ಒಪ್ಪಿಸಿದ್ರು. ನಮ್ಮ ಕಡೆ ಎಷ್ಟೋ ಸಭೆಗಳಲ್ಲಿ ಕೆಲ್ಸ ಕೊಡ್ತಾರೆ, ತೀರ್ಮಾನ ಮಾಡೋ ಹಕ್ಕು ಕೊಡಲ್ಲ, ಬೇಜಾರು ಹುಟ್ಟೋದೇ ಅಲ್ಲಿ.

ಉತ್ತರ 2:
ನಾನು ಕ್ಯಾಥೊಲಿಕ್. ಸೆಪ್ಟೆಂಬರ್ 8ಕ್ಕೆ ಹರಿಹರದ ಆರೋಗ್ಯಮಾತೆ (ಮರಿಯಮ್ಮನೋರ) ಹಬ್ಬಕ್ಕೆ ಹೋಗ್ತೀನಿ, ಅಲ್ಲಿಗೆ ಬೇರೆ ಧರ್ಮದೋರೂ ಬರ್ತಾರೆ. ದೂರದಿಂದ ಬಂದೋರಿಗೆ ನೀರು ಕೊಡುವಾಗ ನಾನ್ ಯಾವ ಗ್ರೂಪು ಅನ್ನೋದೇ ಮರ್ತು ಹೋಗುತ್ತೆ. ನಿಮಗೂ ಚರ್ಚ್ ಹೊರಗಿನೋರಿಗಾಗಿ ಒಂದು ಕೆಲ್ಸ ಬೇಕು ಅನ್ಸುತ್ತೆ.

ಉತ್ತರ 3:
ಬೈಬಲಿನ ನೆಹೆಮೀಯ ಪುಸ್ತಕದ 3ನೇ ಅಧ್ಯಾಯ ನೋಡಿ, ಯೆರೂಸಲೇಮಿನ ಗೋಡೆ ಮತ್ತೆ ಕಟ್ಟುವಾಗ ಎಷ್ಟೋ ಜನ ತಮ್ತಮ್ಮ ಮನೆ ಎದುರಿನ ಭಾಗನೇ ಕಟ್ಟಿದ್ರು, 52 ದಿನದಲ್ಲಿ ಇಡೀ ಗೋಡೆ ಮುಗೀತು (ಅದು 6ನೇ ಅಧ್ಯಾಯದಲ್ಲಿದೆ). ನಿಮ್ಮಲ್ಲೂ ಒಂದೇ ಕೆಲ್ಸದಲ್ಲಿ ಒಂದೊಂದು ಗುಂಪಿಗೆ ಒಂದೊಂದು ಭಾಗ ಕೊಡಿ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್. ಈ ಭಾನುವಾರ ಆರಾಧನೆ ಮುಗಿದ ಮೇಲೆ ಪಾಸ್ಟರ್ ಜೊತೆ ಆ ಇಬ್ಬರ ಮನೆಗೂ ಹೋಗ್ತೀನಿ.