ದೆವ್ವ, ಗಂಡ ಇಬ್ಬರನ್ನೂ ವೇದಿಕೆ ಮೇಲೆ ತರೋದು ಹೇಗೆ?

ಮಂಡ್ಯ ಹೈದ: ಗಂಡ ಊರಲ್ಲಿಲ್ಲದಾಗ ದೆವ್ವ ಅವನದೇ ರೂಪದಲ್ಲಿ ಹೆಂಡತಿ ಹತ್ರ ಬರೋ ಹಿಂದಿ ಸಿನಿಮಾ ‘ಪಹೇಲಿ’ (2005) ಕಥೆನ ನಮ್ ಮಂಡ್ಯ ಭಾಷೇಲಿ ನಾಟಕ ಮಾಡ್ಬೇಕು. ಶಾರುಖ್ ಥರ ಒಬ್ಬನೇ ಎರಡೂ ಪಾತ್ರ ಮಾಡಬಹುದಾ?

ಸೈಡ್‌ವಿಂಗ್: ನಿಜವಾದ ಗಂಡ ಯಾರು ಅಂತ ಕುರಿಗಾಹಿ ನ್ಯಾಯ ಹೇಳೋ ದೃಶ್ಯದವರೆಗೆ ಒಬ್ಬನೇ ಸಾಕು. ಅಲ್ಲಿ ಇಬ್ಬರೂ ಒಟ್ಟಿಗೇ ನಿಲ್ಲಬೇಕಲ್ಲ. ಅದೇ ಎತ್ತರದ ಇನ್ನೊಬ್ಬನಿಗೆ ಅದೇ ಪೇಟ, ಅಂಗಿ ಹಾಕಿ, ಬೆನ್ನು ಜನರ ಕಡೆ ಮಾಡಿ ನಿಲ್ಲಿಸಿ. ಮಾತು ಕೊಡಬೇಡಿ, ದನಿ ಬೇರೆಯಾದರೆ ಗುಟ್ಟು ರಟ್ಟು. ಕೆಂಡ ಹಿಡಿಯೋ ಪರೀಕ್ಷೆಗೆ ಕೆಂಪು ಕಾಗದದೊಳಗೆ ಚಿಕ್ಕ ಬಲ್ಬ್ ಸಾಕು. ನಿಜವಾದ ಬೆಂಕಿ ಬೇಡವೇ ಬೇಡ. ದೆವ್ವ ಚರ್ಮದ ಚೀಲಕ್ಕೆ ಸೇರುವಾಗ ದೀಪ ಆರಿಸಿ, ಆ ಕತ್ತಲಲ್ಲೇ ನಟ ಒಳಗೆ ಹೋಗಲಿ.

ಮೈಸೂರು ಓದುಗ: ಮೊದಲು ಅನುಮತಿ ನೋಡ್ಕೊಳ್ಳಿ ಗುರು. ಜಾನಪದದ ಎಳೆ ಎಲ್ಲರದು, ಆದರೆ ಬರೆದ ಕಥೆ ರಾಜಸ್ಥಾನಿ ಲೇಖಕ ವಿಜಯದಾನ್ ದೇಥಾ ಅವರದು. ಅವರು ತೀರಿಕೊಂಡಿದ್ದು 2013ರಲ್ಲಿ. ಹಕ್ಕುಸ್ವಾಮ್ಯ ಲೇಖಕರು ತೀರಿದ ಮೇಲೆ 60 ವರ್ಷ ಇರುತ್ತೆ. ಅದೇ ಕಥೆಯ ಮೇಲೆ ಮಣಿ ಕೌಲ್ ಮಾಡಿದ ಸಿನಿಮಾ ‘ದುವಿಧಾ’ (1973) ಕೂಡ ನೋಡಿ. ಅಲ್ಲಿ ದೆವ್ವಕ್ಕೆ ಬಿಡುಗಡೆಯಿಲ್ಲ. ‘ಪಹೇಲಿ’ಯಲ್ಲಿ ಅದು ಗಂಡನ ಮೈಯನ್ನೇ ಹೊಕ್ಕುತ್ತೆ. ನನಗೆ ಹಳೇದೇ ಸರಿ. ‘ನಾಗಮಂಡಲ’ ನೋಡಿದ ನಮ್ಮೂರ ಜನ ಹೋಲಿಸದೆ ಬಿಡಲ್ಲ, ಸಿದ್ಧವಾಗಿರಿ.

ಮಂಡ್ಯ ಹೈದ: ಬಲ್ಬ್ ಬ್ಯಾಟರಿದಾ?

ಸೈಡ್‌ವಿಂಗ್: ಹೂಂ, ವೈರ್ ಇದ್ರೆ ಕಾಲಿಗೆ ಸಿಕ್ಕುತ್ತೆ.