ಸೈಟು, ಬಾಡಿಗೆ ಮನೆ: ದಾವಣಗೆರೆ ಬಳಗದಲ್ಲಿ ವಕೀಲರಿಗೆ ಪ್ರಶ್ನೆ

ನಿಟುವಳ್ಳಿ ಸದಸ್ಯ: ಸರ್ ನಮಸ್ಕಾರ. ಹದಡಿ ರಸ್ತೆ ಕಡೆ 30-40ರ ಸೈಟು ನೋಡಿದ್ದೇನೆ. ಅಕ್ಕಪಕ್ಕದ ರೇಟಿನ ಅರ್ಧಕ್ಕೇ ಕೊಡ್ತಾರಂತೆ. ಇ.ಸಿ. (ಋಣಭಾರ ಪತ್ರ) ಕ್ಲೀನ್ ಇದೆ. ಜಮೀನು ಹಿಂದೆ ಯಾರಿಗೋ ಸರ್ಕಾರ ಮಂಜೂರು ಮಾಡಿದ್ದಂತೆ. ಈಗ ಅಗ್ರಿಮೆಂಟ್, ಜಿಪಿಎ (ಅಧಿಕಾರ ಪತ್ರ) ಮಾಡಿಕೊಡ್ತಾರೆ. ನಾಲ್ಕು ರೂಮು ಕಟ್ಟಿ ಕಾಲೇಜು ಹುಡುಗರಿಗೆ ಬಾಡಿಗೆಗೆ ಕೊಡೋಣ ಅಂತಿದ್ದೇನೆ.

ಹರಿಹರ ಸದಸ್ಯ: ಬಾಡಿಗೆ ಕರಾರು 11 ತಿಂಗಳಿಗೇ ಯಾಕೆ ಸರ್?

ವಕೀಲರು: ಹರಿಹರದವರಿಗೆ: ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು. ಅದಕ್ಕೆ 11.

ನಿಟುವಳ್ಳಿಯವರೇ, ಸ್ವಲ್ಪ ನಿಲ್ಲಿ. ‘ಯಾರಿಗೋ’ ಅಂದಿರಲ್ಲ, ಆ ಯಾರೋ ಯಾರು ಅನ್ನೋದೇ ಇಲ್ಲಿ ಮುಖ್ಯ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಾದರೆ ಅಂಥ ಜಮೀನಿನ ಮಾರಾಟ ತಡೆಯುವ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಬರುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ ಆ ಮಾರಾಟವೇ ಅಸಿಂಧು. ಆಮೇಲೆ ಎಷ್ಟು ಕೈ ಬದಲಾದರೂ ಅಷ್ಟೇ. ಮಂಜೂರಾದವರ ಮಕ್ಕಳು ಉಪವಿಭಾಗಾಧಿಕಾರಿಗೆ ಅರ್ಜಿ ಹಾಕಿ ವಾಪಸ್ ಕೇಳಬಹುದು. ಮೊದಲು ‘ಬಹಳ ತಡ ಮಾಡಿದಿರಿ’ ಅಂತ ಕೋರ್ಟಿನಲ್ಲಿ ಎಷ್ಟೋ ಅರ್ಜಿ ಬಿದ್ದುಹೋಗುತ್ತಿದ್ದವು. 2023ರ ತಿದ್ದುಪಡಿ ಬಂದು ಕಾಲಮಿತಿಯೇ ಇಲ್ಲ ಅಂದಿದೆ. ಬಡವರ ಭೂಮಿ ಉಳಿಸಲು ಮಾಡಿದ ಕಾಯ್ದೆ, ಅದು ಸರಿಯೇ. ಪೆಟ್ಟು ಬೀಳೋದು ವಿಚಾರಿಸದೆ ಕೊಂಡವರಿಗೆ.

ಇ.ಸಿ. ನೋಡಿ ಸಮಾಧಾನ ಪಡಬೇಡಿ. ಅದರಲ್ಲಿ ಬರೋದು ನೋಂದಣಿಯಾದ ಪತ್ರಗಳು ಮಾತ್ರ. ಮಂಜೂರಾತಿ ಕಂದಾಯ ಇಲಾಖೆಯ ಆದೇಶ, ಅಲ್ಲಿ ಕಾಣಲ್ಲ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ಕೈಬರಹದ ಹಳೇ ಪಹಣಿ, ಮ್ಯುಟೇಶನ್ (ಹಕ್ಕು ಬದಲಾದ ದಾಖಲೆ), ಸಾಗುವಳಿ ಚೀಟಿ (ಮಂಜೂರಾತಿ ಪತ್ರ) ತೆಗೆಸಿ. ಇಂತಿಷ್ಟು ವರ್ಷ ಪರಭಾರೆ ಮಾಡಬಾರದು ಅನ್ನೋ ಷರತ್ತು ಸಾಮಾನ್ಯವಾಗಿ ಚೀಟಿಯಲ್ಲೇ ಇರುತ್ತದೆ.

ಇನ್ನು ಜಿಪಿಎ. ಅದರಿಂದ ಮಾಲೀಕತ್ವ ಬರಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಕ್ರಯಪತ್ರ ಯಾಕೆ ಮಾಡಿಕೊಡಲ್ಲ ಅಂತ ಕೇಳಿ ನೋಡಿ. ಭೂ ಪರಿವರ್ತನೆ, ದೂಡಾ (ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದನೆ, ಇ-ಖಾತಾ, ಮೂರನ್ನೂ ಕೇಳಿ. ಅರ್ಧ ರೇಟು ಸುಮ್ನೆ ಬಂದಿರಲ್ಲ.

ಶಾಮನೂರು ಸದಸ್ಯೆ: ನಮ್ಮ ಕಡೆ ಈಗ ಚದರಡಿಗೆ ಎಷ್ಟು ನಡೀತಿದೆ ಸರ್? ಲೀಸಿಗೆ ಹಾಕೋದು ಒಳ್ಳೇದೋ, ಬಾಡಿಗೆಗೋ?

ವಿನೋಬನಗರ ಮಾಲೀಕ: ಫಾರ್ವರ್ಡ್ ಬಂದಿದೆ ನೋಡಿ: ‘12 ವರ್ಷ ಬಾಡಿಗೆಗೆ ಇದ್ದರೆ ಮನೆ ಅವರದ್ದೇ! ಬಾಡಿಗೆ ಕೊಡದಿದ್ದರೆ ಕರೆಂಟು ಕಿತ್ತು ಬೀಗ ಹಾಕಿ. ಎಲ್ಲರಿಗೂ ಕಳಿಸಿ.’

ವಕೀಲರು: ದಯವಿಟ್ಟು ಯಾರಿಗೂ ಕಳಿಸಬೇಡಿ. ಬಾಡಿಗೆದಾರ ನಿಮ್ಮ ಒಪ್ಪಿಗೆ ಮೇಲೆ ಇರುವವನು. 12 ವರ್ಷ ಇದ್ದ ಮಾತ್ರಕ್ಕೆ ಮನೆ ಅವನದ್ದಾಗಲ್ಲ. ಬೀಗ ಹಾಕಿದರೆ ಪೊಲೀಸ್ ಠಾಣೆಗೆ ಅಲೆಯೋದು ನೀವು. ಕರಾರಿನಲ್ಲಿ ಬೇರೆ ಬರೆದಿಲ್ಲದಿದ್ದರೆ ತಿಂಗಳ ಬಾಡಿಗೆಗೆ 15 ದಿನದ ನೋಟಿಸ್, ಆಮೇಲೆ ದಾವೆ. ಈ ಕಸ ಹಂಚೋದು ನಿಲ್ಲಿಸಿ.

ವಿನೋಬನಗರ ಮಾಲೀಕ: ಕೋರ್ಟಿಗೆ ಹೋದರೆ ನಿಮ್ಮ ಫೀಸು ನಿಮಗೆ ಸಿಗುತ್ತೆ ಬಿಡಿ.

ಬಾಡಿಗೆದಾರ, ಎಂ.ಸಿ.ಸಿ. ಬಿ ಬ್ಲಾಕ್: ಮಾಲೀಕರ ಕಥೆ ನಾನು ಹೇಳ್ತೀನಿ. ಮನೆ ಬಿಡುವಾಗ ಸುಣ್ಣಬಣ್ಣ ಅಂತ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡರು. ಹೊಸಬರು ಬಂದಾಗ ಹಾಲ್‌ನ ಗೋಡೆ ಮೇಲೆ ನನ್ನ ಮಗಳು ಬರೆದ ಅಆಇಈ ಹಾಗೇ ಇತ್ತು!

ವಿನೋಬನಗರ ಮಾಲೀಕ: ಮಕ್ಕಳನ್ನ ಗೋಡೆ ಮೇಲೆ ಬರೆಯೋಕೆ ಬಿಟ್ಟಿದ್ದು ಯಾರು?

ಬಾಡಿಗೆದಾರ: ದುಡ್ಡು ಹಿಡ್ಕೊಂಡ ಮೇಲೆ ಬಳಿಸಬೇಕಲ್ವಾ? ಬೋರ್ ಮೋಟರ್ ಬಿಲ್ಲೂ ನಮ್ಮ ತಲೆಗೇ.

ವಕೀಲರು: ಕರಾರಿನಲ್ಲಿ ಏನು ಬರೆದಿದೆಯೋ ಅದು. ಒಳಗೆ ಬರುವ ದಿನವೇ ಗೋಡೆ, ನಲ್ಲಿ, ಮೀಟರ್ ರೀಡಿಂಗ್ ಫೋಟೋ ತೆಗೆದು ಇಬ್ಬರೂ ಇಟ್ಟುಕೊಳ್ಳಿ. ಜಗಳ ಬೇರೆ ಕಡೆ ಆಡಿ.

ಹೊಸ ಸದಸ್ಯ: ಸರ್, 11 ತಿಂಗಳ ಕರಾರು ಯಾಕೆ?

ವಕೀಲರು: ಮೇಲೆ ಓದಿ.

ಆವರಗೆರೆ ಸದಸ್ಯ: ಬಾಡಿಗೆ ಮೇಲೆ ತೆರಿಗೆ ಹೇಗೆ ಸರ್?

ವಕೀಲರು: ಕಟ್ಟಿದ ಮನೆ ಕಂದಾಯ ಕಳೆಯಿರಿ, ಉಳಿದಿದ್ದರಲ್ಲಿ ಶೇ 30 ಬಿಡ್ತಾರೆ. ಮಿಕ್ಕಿದ್ದು ನಿಮ್ಮ ಆದಾಯ. ಜಾಸ್ತಿ ಬೇಕಾದರೆ ಆಡಿಟರ್ ಕೇಳಿ.

ನಿಟುವಳ್ಳಿ ಸದಸ್ಯ: ಸರ್, ಒಂದು ಮಾತು ಹೇಳಿರಲಿಲ್ಲ. 50 ಸಾವಿರ ಟೋಕನ್ ಕೊಟ್ಟಾಗಿದೆ.

ವಕೀಲರು: ರಸೀದಿ ಇದೆಯಾ? ಇನ್ನೊಂದು ರೂಪಾಯಿ ಕೊಡಬೇಡಿ. ಸರ್ವೆ ನಂಬರ್ ನನಗೆ ಬೇರೆಯಾಗಿ ಕಳಿಸಿ, ಇಲ್ಲಿ ಹಾಕಬೇಡಿ.

ನಿಟುವಳ್ಳಿ ಸದಸ್ಯ: ರಸೀದಿ ಇಲ್ಲ ಸರ್. ಫೋನ್ ಪೇ ಮಾಡಿದ್ದು.

ವಕೀಲರು: ಅದೇ ಸಾಕ್ಷಿ. ಸ್ಕ್ರೀನ್‌ಶಾಟ್ ತೆಗೆದಿಡಿ.