ಎಲಿಪ್ಟಿಕಲ್ ಯಂತ್ರದ ‘ಅಡ್ಜಸ್ಟಬಲ್ ಆರ್ಮ್ ಮೂವ್‌ಮೆಂಟ್’ಗೆ ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ, ಹಾಸನದಿಂದ

ಎಲ್ಲರಿಗೂ ನಮಸ್ಕಾರ.

ಹಾಸನದ ಒಂದು ವರ್ಕ್‌ಶಾಪ್‌ನಲ್ಲಿ ಎಲಿಪ್ಟಿಕಲ್ ವ್ಯಾಯಾಮ ಯಂತ್ರ ತಯಾರಾಗುತ್ತಿದೆ. ಜಿಮ್‌ಗಳಲ್ಲಿ ಇದನ್ನು ಕ್ರಾಸ್ ಟ್ರೈನರ್ ಅನ್ನುವುದೇ ಹೆಚ್ಚು. ಪಾರ್ಕುಗಳಲ್ಲಿ ಕಾಲು ಹಿಂದೆ ಮುಂದೆ ತೂಗುವ ಏರ್ ವಾಕರ್ ಇರುತ್ತದಲ್ಲ, ಅದಲ್ಲ. ಇದರಲ್ಲಿ ಕ್ರ್ಯಾಂಕ್ (ಪೆಡಲಿನಂತೆ ಸುತ್ತುವ ಕೋಲು) ಇದೆ, ಫ್ಲೈವೀಲ್ (ವೇಗ ಕಾಯ್ದುಕೊಳ್ಳುವ ಭಾರದ ಚಕ್ರ) ಇದೆ. ಡ್ರಾಯಿಂಗ್ ಮೇಲಿನ ಹೆಸರುಗಳು, ಬಳಸುವವರ ಕೈಪಿಡಿ, ಯಂತ್ರಕ್ಕೆ ಅಂಟಿಸುವ ಚೀಟಿ ಮೂರೂ ಕನ್ನಡದಲ್ಲಿ ಬೇಕು. ಕೈ ಎಷ್ಟು ದೂರ ಆಡಬೇಕೆಂಬುದನ್ನು ಬದಲಿಸಿಕೊಳ್ಳಬಹುದು ಅನ್ನುವುದೇ ಈ ಯಂತ್ರದ ವಿಶೇಷ. ಕರಡಿನಲ್ಲಿ ‘ಹೊಂದಾಣಿಕೆ ಮಾಡಬಹುದಾದ ತೋಳಿನ ಚಲನೆ’ ಎಂದಿದೆ. ಓದಿದರೆ ಹಿಡಿಕೆಯನ್ನು ಮೇಲೆ ಕೆಳಗೆ ಸರಿಸುವ ಕ್ಲಾಂಪ್ ಇರಬೇಕು ಅನ್ನಿಸುತ್ತದೆ. ‘ಕೈಚಾಲನೆ’ ಎಂಬ ಸಲಹೆಯೂ ಬಂದಿದೆ. ರಾಕರ್ (ಹಿಂದೆ ಮುಂದೆ ಆಡುವ ಕೋಲು), ಲಿಂಕ್ (ಎರಡು ಕೋಲುಗಳನ್ನು ಸೇರಿಸುವ ಭಾಗ), ಸ್ಲಾಟೆಡ್ ಪ್ಲೇಟ್ (ಪಿನ್ ಜಾಗ ಬದಲಿಸುವ ತಟ್ಟೆ), ಡೆಡ್ ಸೆಂಟರ್ (ಭಾರ ಹಾಕಿದರೂ ಕ್ರ್ಯಾಂಕ್ ತಿರುಗದ ಸ್ಥಿತಿ) ಇವಕ್ಕೂ ಹೆಸರು ಬೇಕು. ಯಂತ್ರದ ಕೆಲಸ ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ, ಚಿಕ್ಕಮಗಳೂರಿನಿಂದ

ನಮಸ್ಕಾರ ಸರ್.

‘ಕೈಚಾಲನೆ’ಯನ್ನು ಮೊದಲು ಬಿಟ್ಟುಬಿಡಿ. ಅದು ಮೋಟಾರಿಲ್ಲದೆ ಕೈಯಿಂದ ನಡೆಸುವುದು ಎಂಬ ಅರ್ಥ ಕೊಡುತ್ತದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರಕ್ಕೆ ಕೈಚಾಲಿತ ಪಲ್ಪರ್ ಅನ್ನುವುದಿಲ್ಲವೇ, ಹಾಗೆ. ‘ಹೊಂದಾಣಿಕೆ’ಯ ತೊಡಕು ಬೇರೆ. ಇಂಗ್ಲಿಷಿನ ಆ ಹೆಸರಿನಲ್ಲಿ ಮೂರು ಬೇರೆ ಬೇರೆ ಸಂಗತಿ ಸೇರಿಕೊಂಡಿವೆ: ಹಿಡಿ ಎಷ್ಟು ಎತ್ತರದಲ್ಲಿದೆ, ಕೈ ಎಷ್ಟು ದೂರ ಹೋಗಿ ಬರುತ್ತದೆ, ತಳ್ಳಲು ಎಷ್ಟು ಬಲ ಬೇಕು. ಮಾರುಕಟ್ಟೆಯಲ್ಲಿ ಮೊದಲನೆಯದೊಂದನ್ನೇ ಕೊಟ್ಟು ಇದೇ ಹೆಸರು ಹಾಕಿರುವ ಯಂತ್ರಗಳೂ ಇವೆ. ನಿಮ್ಮದು ಎರಡನೆಯದು. ಮೂರಕ್ಕೂ ಮೂರು ಹೆಸರು ಇಟ್ಟರೆ ಗೊಂದಲ ಕಳೆಯುತ್ತದೆ. ಹಾಗೆ ಇಡಬೇಕಾದರೆ ಯಂತ್ರ ಹೇಗೆ ಆಡುತ್ತದೆ ಎಂಬುದನ್ನು ಅಳತೆ ಸಮೇತ ನೋಡಬೇಕು.

ಹಿಂದೆ ಕ್ರ್ಯಾಂಕ್ ಇರುವ ಮಾದರಿಯನ್ನು ತೆಗೆದುಕೊಳ್ಳೋಣ. ಕ್ರ್ಯಾಂಕ್‌ನ ತ್ರಿಜ್ಯ 210 ಮಿ.ಮೀ. ತುಳಿಯುವ ಉದ್ದನೆಯ ಕೋಲಿನ ಹಿಂತುದಿ ಈ ಕ್ರ್ಯಾಂಕ್‌ಗೆ ಸೇರಿ ಪೂರ್ತಿ ವೃತ್ತ ಸುತ್ತುತ್ತದೆ. ಮುಂತುದಿ 700 ಮಿ.ಮೀ. ಉದ್ದದ, ಮೇಲಿನಿಂದ ತೂಗುವ ಕೋಲಿಗೆ ಸೇರಿದೆ. ಅದು ಸುತ್ತುವುದಿಲ್ಲ, ಸುಮಾರು 420 ಮಿ.ಮೀ. ಹಿಂದೆ ಮುಂದೆ ಹೋಗಿ ಬರುತ್ತದೆ. ಒಂದು ತುದಿಯಲ್ಲಿ ವೃತ್ತ, ಇನ್ನೊಂದರಲ್ಲಿ ಬರೀ ಹೋಗಿಬರುವ ಆಟ. ನಡುವೆ ಎಲ್ಲಿ ಪಾದ ಇಟ್ಟರೂ ಚಪ್ಪಟೆಯಾದ ವೃತ್ತ. ತುಳಿಯುವ ಹಲಗೆ ನಟ್ಟನಡುವೆ ಇದ್ದರೆ ಪಾದ ಸುಮಾರು 210 ಮಿ.ಮೀ. ಮೇಲೆ ಕೆಳಗಾಗುತ್ತದೆ. ಮುಂತುದಿಯಿಂದ ಮೂರರಲ್ಲಿ ಒಂದು ಭಾಗದಲ್ಲಿದ್ದರೆ 140ರಷ್ಟೇ. ಹೆಜ್ಜೆಯ ಉದ್ದ ಮಾತ್ರ ಎರಡರಲ್ಲೂ ಹೆಚ್ಚುಕಡಿಮೆ 420.

ಲೆಕ್ಕ ಕಟ್ಟಿ ನೋಡಿದರೆ ಇದು ನಿಜವಾದ ದೀರ್ಘವೃತ್ತ ಅಲ್ಲ. ಕ್ರ್ಯಾಂಕ್, ತುಳಿಯುವ ಕೋಲು, ತೂಗುವ ಕೋಲು, ಚೌಕಟ್ಟು ಹೀಗೆ ನಾಲ್ಕು ಕೊಂಡಿಯ ಸರಣಿಯಲ್ಲಿ ನಡುಗೊಂಡಿಯ (ಇಲ್ಲಿ ತುಳಿಯುವ ಕೋಲಿನ) ಮೇಲಿನ ಬಿಂದು ಬಿಡಿಸುವುದು ಆರನೇ ಘಾತದ ವಕ್ರರೇಖೆ. ಆದರೂ 1995ರಲ್ಲಿ ಪ್ರೀಕಾರ್ ಕಂಪನಿ ಇಎಫ್‌ಎಕ್ಸ್ ಯಂತ್ರವನ್ನು ಮಾರುಕಟ್ಟೆಗೆ ತಂದ ಮೇಲೆ ಬೆಳೆದ ಈ ಬಗೆಗೆಲ್ಲ ಎಲಿಪ್ಟಿಕಲ್ ಎಂಬ ಹೆಸರೇ ನಿಂತಿದೆ. ‘ದೀರ್ಘವೃತ್ತೀಯ ವ್ಯಾಯಾಮಯಂತ್ರ’ ಎಂದು ಬರೆದರೆ ಯಾರ ಬಾಯಲ್ಲೂ ನಿಲ್ಲದು. ಯಂತ್ರದ ಹೆಸರು ಎಲಿಪ್ಟಿಕಲ್ ಅಂತಲೇ ಇರಲಿ.

ಇನ್ನು ಕೈ. ನಡೆಯುವಾಗ ನಾವು ಮಾಡುವುದನ್ನು ಕನ್ನಡದಲ್ಲಿ ‘ಕೈ ಬೀಸುವುದು’ ಅನ್ನುತ್ತೇವೆ. ಕೈ ಬೀಸಿಕೊಂಡು ನಡೆದ ಅನ್ನುವುದು ಎಲ್ಲರಿಗೂ ಗೊತ್ತಿರುವ ಮಾತು. ಈ ಯಂತ್ರ ಅನುಕರಿಸುವುದೂ ಅದನ್ನೇ. ಬಲಗಾಲು ಮುಂದೆ ಹೋದಾಗ ಬಲಗೈ ಹಿಂದೆ ಬರಬೇಕು. ಆದ್ದರಿಂದ ಆರ್ಮ್ ಮೂವ್‌ಮೆಂಟ್‌ಗೆ ‘ಕೈಬೀಸು’, ಅದು ಎಷ್ಟು ದೂರ ಎಂಬುದಕ್ಕೆ ‘ಬೀಸಿನ ಹರವು’. ಹಿಡಿಯ ಎತ್ತರಕ್ಕೆ ‘ಹಿಡಿಯೆತ್ತರ’. ಬಲಕ್ಕೆ ‘ಬಿಗಿ’ ಸಾಕು, ಜಿಮ್‌ನಲ್ಲಿ ಟೈಟ್ ಮಾಡಿ ಅನ್ನುತ್ತಾರಲ್ಲ. ರಾಕರ್‌ಗೆ (ಮೇಲಿನಿಂದ ತೂಗುವ ಆ ಕೋಲಿಗೆ) ‘ತೂಗುಕೋಲು’ ಅನ್ನಬಹುದು. ‘ಜೀಕುಕೋಲು’ ಬೇಡ: ಉಯ್ಯಾಲೆ ಮೇಲೆ ಕೂತವರು ಜೀಕುತ್ತಾರೆ, ಹಿಂದೆ ನಿಂತವರು ತೂಗುತ್ತಾರೆ, ಮತ್ತು ಈ ಕೋಲು ತಾನಾಗಿ ಆಡುವುದಲ್ಲ, ಕಾಲು ಆಡಿಸುವುದು. ಕೈ ಹಿಡಿಯುವ ಸನ್ನೆಕೋಲಿಗೆ ‘ಹಿಡಿಕೋಲು’, ಪಾದದ ಕೆಳಗಿನದಕ್ಕೆ ‘ತುಳಿಕೋಲು’ ಮತ್ತು ‘ತುಳಿಹಲಗೆ’, ಲಿಂಕ್‌ಗೆ ‘ಕೊಂಡಿ’. ಪಿವಟ್‌ಗೆ (ಕೋಲು ಯಾವ ಬಿಂದುವಿನ ಮೇಲೆ ತಿರುಗುತ್ತದೋ ಅದಕ್ಕೆ) ‘ಕೀಲು’ ಎಂಬುದು ಒಳ್ಳೆಯ ಪದ. ಕೈಪಿಡಿಯಲ್ಲಿ ಮನುಷ್ಯರ ಕೀಲಿನ ಮಾತು ಬಂದಾಗ ಮಾತ್ರ ಮಂಡಿ, ಭುಜ ಎಂದು ಬಿಡಿಸಿ ಬರೆಯಿರಿ.

ಎತ್ತರಕ್ಕೂ ಹರವಿಗೂ ಬೇರೆ ಪದ ಏಕೆ ಬೇಕೆಂದರೆ, ಅಗ್ಗದ ಯಂತ್ರಗಳಲ್ಲಿ ಇವೆರಡೂ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ತೂಗುಕೋಲನ್ನೇ ಕೀಲಿನ ಮೇಲಕ್ಕೆ ಬೆಳೆಸಿ ಹಿಡಿ ಮಾಡಿರುತ್ತಾರೆ. ಕೀಲಿನಿಂದ ಹಿಡಿಗೆ 600 ಮಿ.ಮೀ. ಇದ್ದರೆ ಕೈ 360 ಮಿ.ಮೀ. ಆಡುತ್ತದೆ. ಉದ್ದನೆಯವರು ಬಂದು ಪೈಪನ್ನು 100 ಮಿ.ಮೀ. ಮೇಲೆಳೆದುಕೊಂಡರೆ ಹಿಡಿ ಎತ್ತರವಾಗುವುದರ ಜೊತೆಗೆ ಆಟವೂ 420ಕ್ಕೆ ಏರುತ್ತದೆ. ಎತ್ತರ ಬೇಕಿತ್ತು, ಹರವು ಬೇಡವಾಗಿತ್ತು ಅನ್ನುವವರಿಗೆ ಅಲ್ಲಿ ದಾರಿಯೇ ಇಲ್ಲ.

ನೀವು ಹಿಡಿಕೋಲನ್ನು ಬೇರೆ ಕೀಲಿನ ಮೇಲೆ ಕೂರಿಸಿ, ತೂಗುಕೋಲಿಗೆ ಕೊಂಡಿಯಿಂದ ಸೇರಿಸಿದ್ದೀರಿ ಎಂದುಕೊಳ್ಳುತ್ತೇನೆ. ತೂಗುಕೋಲಿನಲ್ಲಿ ಕೀಲಿನಿಂದ 150 ಮಿ.ಮೀ. ಕೆಳಗೆ ಕೊಂಡಿಯ ಪಿನ್. ಅದು 90 ಮಿ.ಮೀ. ಹಿಂದೆ ಮುಂದೆ ಹೋಗುತ್ತದೆ. ಕೊಂಡಿಯ ಇನ್ನೊಂದು ತುದಿ ಹಿಡಿಕೋಲಿನ ಕೆಳಭಾಗದ ತೂತಿಗೆ. ಹಿಡಿ ಇಲ್ಲೂ ಕೀಲಿನಿಂದ 600 ಮಿ.ಮೀ. ಮೇಲೆ ಎಂದಿರಲಿ. ಆ ತೂತು ಕೀಲಿನಿಂದ ದೂರವಾದಷ್ಟೂ ಕೈಬೀಸು ಕಿರಿದಾಗುತ್ತದೆ. ನಾಲ್ಕು ತೂತುಗಳನ್ನು ಸಮ ಅಂತರದಲ್ಲಿ, 150, 200, 250, 300ರಲ್ಲಿ ಕೊರೆದರೆ ಕೈಯ ಆಟ 360, 270, 216, 180 ಬರುತ್ತದೆ. ಮೊದಲ ಹೆಜ್ಜೆಯಲ್ಲಿ 90 ಕಡಿಮೆ, ಕೊನೆಯದರಲ್ಲಿ 36 ಮಾತ್ರ. ಬಳಸುವವರಿಗೆ ಮೂರನೇ ನಾಲ್ಕನೇ ತೂತಿನ ವ್ಯತ್ಯಾಸವೇ ತಿಳಿಯುವುದಿಲ್ಲ. ಅದರ ಬದಲು 150, 180, 225, 300ರಲ್ಲಿ ಕೊರೆಯಿರಿ. ಆಗ 360, 300, 240, 180, ಪ್ರತಿ ಸಲಕ್ಕೂ ಸರಿಯಾಗಿ 60 ಮಿ.ಮೀ. ವ್ಯತ್ಯಾಸ. ಡ್ರಾಯಿಂಗ್‌ನಲ್ಲಿ ತೂತುಗಳು ಅಡ್ಡಾದಿಡ್ಡಿಯಾಗಿವೆ ಎಂದು ಯಾರಾದರೂ ‘ಸರಿಪಡಿಸುವ’ ಮುಂಚೆ ಪಕ್ಕದಲ್ಲೇ ಒಂದು ಟಿಪ್ಪಣಿ ಇರಲಿ.

ಎಲ್ಲರೂ ಎಡವುವ ಜಾಗ ಇನ್ನೊಂದಿದೆ. ತೂತುಗಳು ನೇರ ಸಾಲಿನಲ್ಲಿ ಇರಬಾರದು, ಬಿಲ್ಲಿನಂತೆ ಬಾಗಿರಬೇಕು. ಕೊಂಡಿಯ ಉದ್ದ 400 ಮಿ.ಮೀ. ಎಂದಿರಲಿ, ಮತ್ತು 150ರ ತೂತಿನಲ್ಲಿ ಅದು ಸಾಲಿಗೆ ಲಂಬವಾಗಿರಲಿ. ನೇರ ಸಾಲಿನಲ್ಲಿ 300ರ ತೂತಿಗೆ ಹೋದರೆ ಅಲ್ಲಿಗೆ ಬೇಕಾದ ಉದ್ದ 427. ಕೊಂಡಿ 27 ಮಿ.ಮೀ. ಕಡಿಮೆ ಬಿದ್ದು ಹಿಡಿಕೋಲನ್ನು ಎಳೆಯುತ್ತದೆ, ಹಿಡಿಯ ನಡುನೆಲೆ ಸುಮಾರು 57 ಮಿ.ಮೀ. ಸರಿದುಹೋಗುತ್ತದೆ. ಹರವು ಕಡಿಮೆ ಮಾಡಲು ಹೊರಟವರು ಮುಂದಕ್ಕೆ ಬಾಗಿಯೋ ಹಿಂದಕ್ಕೆ ವಾಲಿಯೋ ನಿಲ್ಲಬೇಕಾಗುತ್ತದೆ. ಪರಿಹಾರ ಸುಲಭ. ಎರಡೂ ಕೋಲುಗಳನ್ನು ಆಟದ ನಡುನೆಲೆಯಲ್ಲಿ ಕ್ಲಾಂಪ್ ಹಾಕಿ ನಿಲ್ಲಿಸಿ, ಕೊಂಡಿಯ ಒಂದು ತುದಿಯನ್ನು ತೂಗುಕೋಲಿನ ಪಿನ್‌ಗೆ ಹಾಕಿ, ಇನ್ನೊಂದು ತುದಿಯ ತೂತಿನಲ್ಲಿ ಸ್ಕ್ರೈಬರ್ ಇಟ್ಟು ತಟ್ಟೆಯ ಮೇಲೆ ಗೆರೆ ಎಳೆಯಿರಿ. ಬರುವುದೇ 400 ಮಿ.ಮೀ. ತ್ರಿಜ್ಯದ ಕಂಸ. ಅದರ ಮೇಲೆ, ಹಿಡಿಕೋಲಿನ ಕೀಲಿನಿಂದ ಅಳೆದು, ನಾಲ್ಕು ತೂತು. ಉಗಿಬಂಡಿಯಲ್ಲಿ ಹಬೆಯ ಕವಾಟ ಆಡಿಸುವ ವಾಲ್ವ್ ಗೇರ್‌ನಲ್ಲಿದ್ದ ಬಾಗಿದ ಲಿಂಕ್‌ನ ತರ್ಕವೂ ಇದೇ. ಈ ತಟ್ಟೆಗೆ ‘ಬೀಸುಪಟ್ಟಿ’ ಎಂಬ ಹೆಸರು ನನ್ನ ಸಲಹೆ. ‘ಸ್ಲಾಟೆಡ್ ಪ್ಲೇಟ್’ ಆಕಾರವನ್ನಷ್ಟೇ ಹೇಳುತ್ತದೆ, ಇದು ಕೆಲಸವನ್ನು ಹೇಳುತ್ತದೆ.

ಪಟ್ಟಿಗೆ 8 ಮಿ.ಮೀ. ಎಂ.ಎಸ್. (ಮೈಲ್ಡ್ ಸ್ಟೀಲ್) ತಟ್ಟೆ, ಪಿನ್‌ಗೆ 10 ಮಿ.ಮೀ. ಸಾಕು. ಹಿಡಿಯಲ್ಲಿ 100 ನ್ಯೂಟನ್ ತಳ್ಳಿದರೆ ಕೊಂಡಿಯಲ್ಲಿ ಬರುವ ಬಲ 150ರ ತೂತಿನಲ್ಲಿ 400 ನ್ಯೂಟನ್, 300ರಲ್ಲಿ 200. ಪಿನ್ ಮುರಿಯುವ ಮಾತೇ ಇಲ್ಲ. ಕೆಡುವುದು ಸವೆತದಿಂದ: ತೂತಿನಲ್ಲಿ ಅರ್ಧ ಮಿ.ಮೀ. ಪ್ಲೇ (ಸಡಿಲ) ಬಂದರೆ 150ರಲ್ಲಿ ಅದು ಹಿಡಿಯಲ್ಲಿ 2 ಮಿ.ಮೀ. ಆಗಿ, ಪ್ರತಿ ತಿರುವಿನಲ್ಲೂ ಟಕ್ ಎನ್ನುತ್ತದೆ. ತಟ್ಟೆಗೆ ನೇರವಾಗಿ ಪಿನ್ ಹಾಕಬೇಡಿ, ಬುಶ್ (ತೂತಿನೊಳಗೆ ಕೂರುವ ಲೋಹದ ಕೊಳವೆ) ಒತ್ತಿ ಹಾಕಿ. ಕ್ರ್ಯಾಂಕ್‌ಗೆ 6204 ಬಾಲ್ ಬೇರಿಂಗ್ ಒಪ್ಪುತ್ತದೆ. ಆದರೆ ತೂಗುಕೋಲು, ಹಿಡಿಕೋಲುಗಳ ಕೀಲಿಗೆ ಬಾಲ್ ಬೇರಿಂಗ್ ಬೇಡ. ಅಲ್ಲಿ ಆಟ ಆಚೆಗೆ 17, ಈಚೆಗೆ 17 ಡಿಗ್ರಿ ಮಾತ್ರ. ಗುಂಡುಗಳು ಸುತ್ತು ಮುಗಿಸದೆ ಅದೇ ಜಾಗದಲ್ಲಿ ಉಜ್ಜಿ ಕುಳಿ ಮಾಡುತ್ತವೆ, ಗ್ರೀಸ್ ಹರಡುವುದಿಲ್ಲ. ಅಲ್ಲಿಗೆ ಗನ್‌ಮೆಟಲ್ ಬುಶ್, ಗ್ರೀಸ್ ನಿಪ್ಪಲ್.

ಇನ್ನೊಂದು ಉತ್ತರ, ಹಾಸನದಿಂದ

ಚಿಕ್ಕಮಗಳೂರಿನವರ ‘ಕೈಬೀಸು’ ಒಪ್ಪಿದೆ. ಮೈಗೆ ಸಂಬಂಧಿಸಿದ ಒಂದು ಕಾರಣವನ್ನೂ ಸೇರಿಸಬಹುದು. ‘ತೋಳು’ ಅಂದರೆ ನಮ್ಮ ಕಡೆ ಭುಜದಿಂದ ಮೊಣಕೈವರೆಗೆ ಎಂದೇ ಅನೇಕರ ತಿಳಿವಳಿಕೆ. ರಟ್ಟೆ ಅದರದೇ ಭಾಗ. ಕೈ ಅಂದರೆ ಬೆರಳಿನಿಂದ ಭುಜದವರೆಗೆ ಪೂರ್ತಿ. ಈ ಯಂತ್ರದಲ್ಲಿ ಮೊಣಕೈ ಮಡಿಚಿ ಬಿಚ್ಚುತ್ತದೆ, ಭುಜ ತಿರುಗುತ್ತದೆ, ಸೊಂಟವೂ ಅಷ್ಟಿಷ್ಟು ಹೊರಳುತ್ತದೆ. ‘ಕೈ’ ಅನ್ನುವುದೇ ಸರಿ.

ಹ್ಯಾಂಡಲ್‌ಗೆ ‘ಕೈಮರ’ ಎಂದು ಯಾರಾದರೂ ಸೂಚಿಸುವ ಮುಂಚೆ ಹೇಳಿಬಿಡುತ್ತೇನೆ: ಅದು ದಾರಿ ತೋರಿಸುವ ಕಂಬಕ್ಕೂ ರೈಲಿನ ಸಿಗ್ನಲ್ ಕಂಬಕ್ಕೂ ಇರುವ ಹೆಸರು. ಬಾಬಾಬುಡನ್‌ಗಿರಿ ದಾರಿಯಲ್ಲಿ ಆ ಹೆಸರಿನ ಊರೇ ಇದೆ. ನೇಗಿಲಿನ ‘ಮೇಣಿ’ ಸೊಗಸಾದ ಪದ, ಆದರೆ ಮೇಣಿ ಅದುಮಿ ಹಿಡಿಯುವುದಕ್ಕೆ, ಬೀಸುವುದಕ್ಕಲ್ಲ. ಹಿಡಿಕೋಲು ಇರಲಿ.

ವಿನ್ಯಾಸದಲ್ಲಿ ಒಂದು ಭಿನ್ನಮತವಿದೆ. ಬೀಸುಪಟ್ಟಿಯನ್ನು ಹಿಡಿಕೋಲಿಗೆ ಬದಲು ತೂಗುಕೋಲಿಗೆ ಹಾಕುವುದು ಮೇಲು ಎಂದು ನನ್ನ ಎಣಿಕೆ. ಹಿಡಿಕೋಲಿನ ಪಿನ್ 300ರಲ್ಲೇ ನಿಂತಿರಲಿ; ತೂಗುಕೋಲಿನಲ್ಲಿ 150, 200, 250, 300ರಲ್ಲಿ ತೂತು ಕೊರೆದರೆ ಕೈಯ ಆಟ 180, 240, 300, 360. ಸಮ ಅಂತರದ ತೂತಿಗೆ ಸಮ ಅಂತರದ ಬೀಸು. ಕೊಂಡಿಯ ಬಲ ಎಲ್ಲ ತೂತಿನಲ್ಲೂ 200 ನ್ಯೂಟನ್ನೇ, ಹಿಡಿಯಲ್ಲಿ ಕಾಣುವ ಪ್ಲೇ ಕೂಡ ಅರ್ಧ. ಪಟ್ಟಿಯನ್ನು ಕೀಲಿನವರೆಗೆ ಬೆಳೆಸಿ, ಅಲ್ಲೇ ಕೊಂಡಿಯ ಪಿನ್ ಕೂರಿಸುವ ಏರ್ಪಾಡು ಮಾಡಿದರೆ ಕೈಬೀಸು ಸೊನ್ನೆ: ಹಿಡಿ ನಿಂತೇ ಇರುತ್ತದೆ, ಕಾಲು ಮಾತ್ರ ಆಡುತ್ತದೆ. ಭುಜಕ್ಕೆ ಪೂರ್ತಿ ವಿಶ್ರಾಂತಿ ಬೇಕಾದವರಿಗೆ ಇದು ದೊಡ್ಡ ಅನುಕೂಲ. ಕೀಲು ದಾಟಿ ಆಚೆಗೆ ಮಾತ್ರ ತೂತು ಕೊರೆಯಬಾರದು. ಅಲ್ಲಿ ಹಾಕಿದರೆ ಬಲಗಾಲಿನ ಜೊತೆಗೇ ಬಲಗೈ ಮುಂದೆ ಹೋಗುತ್ತದೆ, ಮೈ ತೂಕ ತಪ್ಪುತ್ತದೆ. ಬಿಲ್ಲಿನ ಬಾಗು ಇಲ್ಲೂ ಬೇಕು, ಕಂಸದ ಕೇಂದ್ರ ಹಿಡಿಕೋಲಿನ ಪಿನ್. ಪಿನ್ ಬದಲಿಸಲು ಯಂತ್ರದ ಮುಂಭಾಗಕ್ಕೆ ಹೋಗಬೇಕು, ಆ ತೊಂದರೆ ಇದೆ. ಅದು ಒಳ್ಳೆಯದೇ ಅನ್ನಿಸುತ್ತದೆ, ಯಂತ್ರದ ಮೇಲೆ ನಿಂತುಕೊಂಡೇ ಯಾರೂ ಪಿನ್ ಎಳೆಯಲಾರರು.

ಡೆಡ್ ಸೆಂಟರ್‌ಗೆ ‘ಸತ್ತ ಬಿಂದು’, ‘ಮೃತಕೇಂದ್ರ’ ಯಾವುದೂ ಬೇಡ. ವರ್ಕ್‌ಶಾಪ್‌ನಲ್ಲಿ ಎಲ್ಲರೂ ಡೆಡ್ ಸೆಂಟರ್ ಅಂತಲೇ ಹೇಳುವುದು, ಡ್ರಾಯಿಂಗ್‌ಗೆ ಅದೇ ಸಾಕು. ಕೈಪಿಡಿಯಲ್ಲಿ ಆ ಸ್ಥಿತಿಯನ್ನೇ ಬಿಡಿಸಿ ಹೇಳಬೇಕು. ಕ್ರ್ಯಾಂಕ್ ನೆಟ್ಟಗೆ ಮೇಲೆ ಕೆಳಗೆ ನಿಂತಾಗ ತುಳಿಹಲಗೆ ಅಡ್ಡಕ್ಕೆ ಚಲಿಸುವ ಹಂತದಲ್ಲಿರುತ್ತದೆ, ಮೈಭಾರ ಎಷ್ಟು ಹಾಕಿದರೂ ತಿರುಗದು. ಹಿಡಿಕೋಲು ಆಟದ ನಡುವೆ ಇದ್ದು ಕೈಯ ಬಲ ಪೂರ್ತಿ ಸಲ್ಲುವುದು ಆಗಲೇ. ಕ್ರ್ಯಾಂಕ್ ಅಡ್ಡಕ್ಕೆ ಮಲಗಿದಾಗ ಇದು ತಿರುವುಮುರುವು: ಕೈ ಆಟದ ತುದಿಯಲ್ಲಿ ನಿಂತಿರುತ್ತದೆ, ಮೈಭಾರ ಪೂರ್ತಿ ಕೆಲಸ ಮಾಡುತ್ತದೆ. ಕೈಕಾಲು ಹೀಗೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತವೆ. ಬೀಸಿನ ಹರವು 360ರಿಂದ 180ಕ್ಕೆ ಇಳಿದರೆ ಅದೇ ತಳ್ಳುವಿಕೆಗೆ ಕೈಯಿಂದ ಸಿಗುವ ನೆರವೂ ಅರ್ಧ. ಕಡಿಮೆ ಹರವಿನಲ್ಲಿ ಯಂತ್ರ ಹೊರಡುವಾಗ ತಡೆಯುತ್ತದೆ ಎಂಬ ದೂರು ಬಂದರೆ ಕಾರಣ ಇದು, ಬೇರಿಂಗ್ ಅಲ್ಲ. ಬಿಗಿಯನ್ನು ಒಂದು ಹಂತ ಇಳಿಸಿ ಹೊರಟರೆ ಸರಿಹೋಗುತ್ತದೆ. ಫ್ಲೈವೀಲ್ ವೇಗ ಹಿಡಿದ ಮೇಲೆ ಆ ತಡೆ ಕಾಣುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ವಂದನೆ. ಬೀಸುಪಟ್ಟಿಯನ್ನು ತೂಗುಕೋಲಿಗೇ ಹಾಕುವುದೆಂದು ಡ್ರಾಯಿಂಗ್ ಬದಲಾಗುತ್ತಿದೆ. ಸುರಕ್ಷತೆಗೆ, ವ್ಯಾಯಾಮ ಯಂತ್ರಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 20957ರ 9ನೇ ಭಾಗ ಎಲಿಪ್ಟಿಕಲ್‌ಗೆಂದೇ ಇರುವುದರಿಂದ, ಕೊಂಡಿಗೂ ಚೌಕಟ್ಟಿಗೂ ನಡುವೆ ಬೆರಳು ಸಿಗದಂತೆ ಮುಚ್ಚಳವನ್ನೂ ಅದರಂತೆ ಸೇರಿಸಲಾಗುತ್ತಿದೆ. ಚೀಟಿಯ ಬರಹ ಹೀಗೆ:

ಕೈಬೀಸಿನ ಹರವು. ತೂತು 0: ಹಿಡಿ ಆಡುವುದಿಲ್ಲ. 1: 180 ಮಿ.ಮೀ. 2: 240 ಮಿ.ಮೀ. 3: 300 ಮಿ.ಮೀ. 4: 360 ಮಿ.ಮೀ. ಯಂತ್ರ ಪೂರ್ತಿ ನಿಂತ ಮೇಲೆ, ತುಳಿಹಲಗೆಯಿಂದ ಇಳಿದು ಪಿನ್ ಬದಲಿಸಿ. ಎಡಕ್ಕೂ ಬಲಕ್ಕೂ ಒಂದೇ ತೂತು ಇರಲಿ. ಪಿನ್ ಟಕ್ಕೆಂದು ಕೂತಿದೆಯೇ ಎಳೆದು ನೋಡಿ. ಹತ್ತುವಾಗ ಪೂರ್ತಿ ಕೆಳಗಿರುವ ಹಲಗೆಯ ಮೇಲೆ ಮೊದಲು ಕಾಲಿಡಿ. ಆ ಹಲಗೆ ನಿಮ್ಮ ಭಾರಕ್ಕೆ ಕದಲದು. ಎರಡೂ ಕಾಲು ಊರಿದ ಮೇಲೆ ಹಿಡಿ ತಳ್ಳಿ ಹೊರಡಿ. 0ರಲ್ಲಿದ್ದರೆ ಹಿಡಿ ತಳ್ಳಿ ಉಪಯೋಗವಿಲ್ಲ, ಒಂದು ಹಲಗೆ ಪೂರ್ತಿ ಕೆಳಗೆ ಬರುವ ಸ್ವಲ್ಪ ಮೊದಲೇ ಯಂತ್ರ ನಿಲ್ಲಿಸಿ, ಹಿಡಿಯನ್ನು ಗಟ್ಟಿಯಾಗಿ ಹಿಡಿದು ಹತ್ತಿ.

ಈ ಕೊನೆಯ ವಾಕ್ಯ ಉದ್ದವಾಯಿತು ಅನ್ನಿಸುತ್ತದೆ. ಅರ್ಥ ಕೆಡದಂತೆ ಮೊಟಕು ಮಾಡಿ ಕೊಡಬಲ್ಲವರು ಬರೆಯಿರಿ. ಚೀಟಿಯಲ್ಲಿ ಇನ್ನು ಎರಡು ಸಾಲಿಗಷ್ಟೇ ಜಾಗವಿದೆ.